ದಿನಕ್ಕೆ ಅರವತ್ತು ಹರಳು

ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನ ಬೆಲ್ಲದ ಸಾಲಿನಲ್ಲಿ ದಿವಾಣಜಿ ಸಿದ್ದಲಿಂಗಪ್ಪನ ಹೆಸರು ತೆಗೆದರೆ ಜನ ಮೊದಲು ನಗುತ್ತಾರೆ, ಆಮೇಲೆ ಸುತಳಿಯ ಕತೆ ಹೇಳುತ್ತಾರೆ. ಗೋಣಿ ಸುತ್ತಿದ ಬೆಲ್ಲದ ಪೆಂಟೆಗಳಿಗೆ ಬಿಗಿದು ಬರುವ ಸೆಣಬಿನ ಸುತಳಿಯನ್ನು ಬೇರೆ ಅಂಗಡಿಗಳಲ್ಲಿ ಕತ್ತರಿಸಿ ಬಿಸಾಡುತ್ತಾರೆ. ಸಿದ್ದಲಿಂಗಪ್ಪ ಗಂಟು ಬಿಚ್ಚುತ್ತಿದ್ದ. ಬಿಚ್ಚಿದ್ದನ್ನು ಎಡಗೈಗೆ ಸುತ್ತಿ ಉಂಡೆ ಮಾಡಿ ಗಲ್ಲಾಪೆಟ್ಟಿಗೆಯ ಕೆಳಗೆ ಇಡುತ್ತಿದ್ದ. ಒಂದು ಮಳೆಗಾಲ ಬಿರುಗಾಳಿಗೆ ಇಡೀ ಸಾಲಿನ ತಾಡಪತ್ರಿಗಳು ಹಾರಿ ಹೋದಾಗ ಹದಿನಾಲ್ಕು ಅಂಗಡಿಗಳವರು ಅವನ ಉಂಡೆಗಳನ್ನೇ ಒಯ್ದು ಕಟ್ಟಿಕೊಂಡರು. ಅವತ್ತು ನಕ್ಕವರಿಲ್ಲ. ಮರುದಿನದಿಂದ ಮತ್ತೆ ನಕ್ಕರು.

ದಿವಾಣಜಿ ಅಂದರೆ ಅಡತಿ ಅಂಗಡಿಯಲ್ಲಿ, ಎಂದರೆ ದಲ್ಲಾಳಿ ಮಂಡಿಯಲ್ಲಿ, ಲೆಕ್ಕ ಬರೆಯುವವ. ಮಹಾಲಿಂಗಪುರದಿಂದ ಪುಣೆಗೆ ಬಂದು, ಒಂದೇ ಶೇಠನ ಒಂದೇ ಗಾದಿಯ ಮೇಲೆ ಮೂವತ್ತೊಂದು ವರ್ಷ ಕೂತವ ಅವನು. ಜಿಪುಣ ಎಂದು ಕರೆದರೆ ತಪ್ಪಾದೀತು. ಹೆಂಡತಿ ಶಿವಬಸವ್ವನಿಗೆ ಸೀರೆ ತರುವುದರಲ್ಲಿ, ಮಗಳು ತ್ರಿವೇಣಿಯ ಕಾಲೇಜಿಗೆ ಕಟ್ಟುವುದರಲ್ಲಿ ಅವನು ಹಿಂದೆಮುಂದೆ ನೋಡಿದವನಲ್ಲ. ಆದರೆ ಒಂದು ವಸ್ತುವನ್ನು ಇವತ್ತೇ ಯಾಕೆ ಮುಗಿಸಬೇಕು ಎಂಬುದು ಅವನಿಗೆ ಜನ್ಮದಲ್ಲಿ ಅರ್ಥವಾಗಲಿಲ್ಲ. ಹೊಸ ಸಾಬೂನು ಬಿಚ್ಚುವ ಮುಂಚೆ ಹಳೆಯ ಚೂರನ್ನು ಅದಕ್ಕೆ ಅಂಟಿಸುವ ಜಾತಿಯವನು. "ತಡೀರಿ, ಮುಂದ ಬೇಕಾಗ್ತದ" ಎಂಬುದು ಅವನ ಬಾಯಿಂದ ದಿನಕ್ಕೆ ಹತ್ತು ಬಾರಿಯಾದರೂ ಬರುವ ಮಾತು.

ಅವನಿಗೆ ಇನ್ನೊಂದು ಹೆಸರೂ ಇತ್ತು. ಹಿಂದೆ ಬೆಲ್ಲದ ಸೌದಾ ರುಮಾಲಿನ ಕೆಳಗೆ ನಡೆಯುತ್ತಿತ್ತು. ಕೊಳ್ಳುವವ, ಮಾರುವವ ಇಬ್ಬರೂ ಬಟ್ಟೆಯ ಮರೆಯಲ್ಲಿ ಕೈ ಸೇರಿಸಿ ಬೆರಳು ಹಿಡಿದು ಭಾವ, ಅಂದರೆ ದರ, ಹೇಳಬೇಕು. ಹಿಡಿದಷ್ಟು ಬೆರಳು ಅಷ್ಟು ಅಂಕಿ, ಇಡೀ ಅಂಗೈ ಒತ್ತಿದರೆ ಹತ್ತು. ಒಪ್ಪದಿದ್ದರೆ ಬೆರಳು ಬಿಡಿಸಿಕೊಳ್ಳಬೇಕು, ಒಪ್ಪಿದರೆ ಮುಷ್ಟಿ ಕಟ್ಟಿ ಒತ್ತಬೇಕು. ಸುತ್ತ ನಿಂತ ಐವತ್ತು ಜನರಿಗೆ ಏನೂ ತಿಳಿಯಬಾರದು, ಮುಖ ಗೋಡೆಯ ಹಾಗಿರಬೇಕು. ಈಗ ಆ ಪದ್ಧತಿ ನಿಂತಿದೆ, ಕೂಗಿ ಹರಾಜು ಮಾಡುತ್ತಾರೆ. ಸಿದ್ದಲಿಂಗಪ್ಪ ರುಮಾಲಿನ ಕೆಳಗೆ ಒಂದು ಬೆರಳೂ ಸುಳ್ಳು ಕೊಟ್ಟವನಲ್ಲ, ಕೊಟ್ಟ ಭಾವದಿಂದ ಹಿಂದೆ ಸರಿದವನಲ್ಲ. ಹಳೆಯ ವ್ಯಾಪಾರಿಗಳು ಅವನನ್ನು 'ಖರೇ ಕೈ' ಎಂದೇ ಕರೆಯುತ್ತಿದ್ದರು. ಭಾನುವಾರ ಅಂಗಡಿಗೆ ಬರುತ್ತಿದ್ದ ಪುಟ್ಟ ತ್ರಿವೇಣಿಗೆ ಮಗ್ಗಿ ಬರುವ ಮುಂಚೆ ಈ ಬೆರಳಿನ ಲೆಕ್ಕ ಬಂದಿತ್ತು. ಪೆಪ್ಪರಮಿಂಟು ಎಷ್ಟು ಬೇಕು ಎಂಬುದನ್ನು ಅಪ್ಪ ಮಗಳು ಟವೆಲ್ಲಿನ ಕೆಳಗೇ ಚೌಕಾಸಿ ಮಾಡುತ್ತಿದ್ದರು.

ಆ ತ್ರಿವೇಣಿ ಬೆಳೆದು ಹಿಂಜವಾಡಿಯ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಬಿಬವೇವಾಡಿಯ ಮನೆಯ ಮುಂದೆ ಕಂಪನಿ ಕ್ಯಾಬು ಬಂದು ನಿಂತಾಗ ಶಿವಬಸವ್ವ ದಿನವೂ ಬಾಗಿಲಿಗೆ ಬಂದು ನೋಡುತ್ತಿದ್ದಳು. ಎರಡು ವರ್ಷ ಹಾಗೆ ನಡೆಯಿತು. ಆಮೇಲೆ ಹುಡುಗಿಗೆ ಕೆಮ್ಮು ಹತ್ತಿತು. ಕೆಮ್ಮು ಹೋಗಲಿಲ್ಲ, ಮೆಟ್ಟಿಲು ಹತ್ತಿದರೆ ಉಸಿರು ಸಾಲದಾಯಿತು. ಶ್ವಾಸಕೋಶ ಸ್ವಲ್ಪ ಸ್ವಲ್ಪವೇ ಗಟ್ಟಿಯಾಗುತ್ತ ಹೋಗುವ ಕಾಯಿಲೆ ಎಂದರು ಡಾಕ್ಟರು. ಬೇರೆಯವರ ಶ್ವಾಸಕೋಶ ಸಿಕ್ಕರೆ ಕೂಡಿಸಬಹುದು ಎಂದು ಕಾಯುವವರ ಯಾದಿಯಲ್ಲಿ ಹೆಸರು ಬರೆಸಿದರು. ಇಪ್ಪತ್ತಾರನೇ ವಯಸ್ಸಿಗೆ ಅವಳು ನೌಕರಿ ಬಿಟ್ಟು ಹಾಸಿಗೆ ಹಿಡಿದಳು. ಮೂಲೆಯಲ್ಲಿ ಆಮ್ಲಜನಕದ ಮಷೀನು ಹಗಲಿಡೀ ಗುರ್ ಎನ್ನುತ್ತಿತ್ತು, ಅದರ ನಳಿಗೆ ಮನೆಯ ಮೂವರೂ ಎಡವುತ್ತಿದ್ದರು.

ಹಾಸಿಗೆಯಲ್ಲಿ ಅವಳಿಗೆ ಇದ್ದದ್ದು ಫೋನು, ಫೋನಿನಲ್ಲಿ ಒಂದು ಆಟ. ಆ ಆಟದಲ್ಲಿ ನೂರಾರು ವೀರರು, ಮಂತ್ರವಾದಿಗಳು, ಕುದುರೆಯ ಮೇಲಿನ ಹೆಂಗಸರು. ಅವರನ್ನು ಕೊಂಡುಕೊಳ್ಳುವ ಹಾಗಿಲ್ಲ, ಚೀಟಿ ಎತ್ತಬೇಕು. ಒಂದು ಚೀಟಿಗೆ ನೂರು ಹರಳು. ಹರಳನ್ನು ದುಡ್ಡು ಕೊಟ್ಟು ತೆಗೆದುಕೊಳ್ಳಬಹುದು, ಇಲ್ಲವೇ ದಿನವೂ ಆಟದೊಳಗೆ ನಾಲ್ಕು ಸಣ್ಣ ಕೆಲಸ ಮಾಡಿ ಅರವತ್ತರಂತೆ ಪುಕ್ಕಟೆ ಪಡೆಯಬಹುದು. ತ್ರಿವೇಣಿ ಸಿದ್ದಲಿಂಗಪ್ಪನ ಮಗಳು, ಪುಕ್ಕಟೆ ದಾರಿಯನ್ನೇ ಹಿಡಿದಿದ್ದಳು. ಅವಳಿಗೆ ಬೇಕಾಗಿದ್ದವಳು ಒಬ್ಬಳೇ, ಶಂಖ ಊದುವ ಹುಡುಗಿ. ಅವಳು ಶಂಖ ತುಟಿಗಿಟ್ಟಳೆಂದರೆ ಎದುರಿನ ಸೈನ್ಯ ಕುಸಿದು ಬೀಳಬೇಕು. ಆದರೆ ಆ ಹುಡುಗಿಯ ಸರದಿ ಬರುವುದು ದೀಪಾವಳಿ ಕಳೆದು ತಿಂಗಳ ಮೇಲೆ. ಅಲ್ಲಿಯವರೆಗೆ ಚೀಟಿಯಲ್ಲಿ ಬೇರೆಯವರು ಇರುತ್ತಾರೆ.

ಮೊದಲು ಸಿದ್ದಲಿಂಗಪ್ಪ ಮೂಗು ಮುರಿದಿದ್ದ. ಸಟ್ಟಾ ಆಡಿ ಮನೆ ಕಳೆದುಕೊಂಡ ವ್ಯಾಪಾರಿಗಳನ್ನು ಕಣ್ಣಾರೆ ಕಂಡವನು. ಆದರೆ ಶ್ರಾವಣ ಹುಟ್ಟುವ ಹೊತ್ತಿಗೆ ತ್ರಿವೇಣಿಗೆ ಫೋನು ಎತ್ತಿ ಹಿಡಿದರೂ ಕೈ ಸೋಲತೊಡಗಿತು. ಒಂದು ದಿನ ಅವಳು ಆ ನಾಲ್ಕು ಕೆಲಸ ಮಾಡಲಾಗದೆ ಮಲಗಿಬಿಟ್ಟಳು, ಅರವತ್ತು ಹರಳು ತಪ್ಪಿದವು. ಪುಕ್ಕಟೆ ಬರುವುದು ತಪ್ಪಿತೆಂದು ಕೇಳಿ ಸಿದ್ದಲಿಂಗಪ್ಪನಿಗೆ ಕೂಳು ಇಳಿಯಲಿಲ್ಲ. ಮರುದಿನ ಬೆಳಿಗ್ಗೆ ಏಳಕ್ಕೆ, ವಿಭೂತಿ ಹಚ್ಚಿಕೊಂಡು ಪೂಜೆ ಮುಗಿಸಿದವನೇ ಕನ್ನಡಕ ಏರಿಸಿ ಫೋನು ಇಸಿದುಕೊಂಡ.

"ಏನ್ ಮಾಡ್ಬೇಕು ಹೇಳು."

"ನಾಕ್ ಗಿಡ ಕೊಯ್ಯಬೇಕು, ಎರಡ್ ಸರೆ ಹೊಡದಾಡಬೇಕು, ಒಂದ್ ಸರೆ ಅಡಗಿ ಮಾಡಬೇಕು" ಎಂದಳು ತ್ರಿವೇಣಿ, ಪ್ರತಿ ಮಾತಿನ ನಡುವೆ ಉಸಿರು ಹುಡುಕುತ್ತ.

"ಜನ್ಮದಾಗ ಅಡಗಿ ಮಾಡಿಲ್ಲ, ಇಲ್ಲಿ ಮಾಡಾಕ ಹೊಂಟಾರ" ಎಂದಳು ಶಿವಬಸವ್ವ ಒಲೆಯ ಕಡೆಯಿಂದ.

ಹದಿನೈದು ದಿನದಲ್ಲಿ ಆ ಆಟದ ಸಂತೆಯ ಒಳಹೊರಗೆಲ್ಲ ಅವನಿಗೆ ತಿಳಿಯಿತು. ತಯಾರಿಸಿದವರು ಕಸುಬುದಾರರು ಎಂದು ಒಪ್ಪಿಕೊಂಡ. ದಣಿದ ವೀರರನ್ನು ಬೇಗ ಎಬ್ಬಿಸಲು ಹರಳು ಕೇಳುತ್ತಾರೆ. ಕೊಡಬಾರದು, ತಾವಾಗಿಯೇ ಏಳುತ್ತಾರೆ. ಆಯುಧಕ್ಕೆ ಬೇರೆ ಚೀಟಿ ಇಟ್ಟಿರುತ್ತಾರೆ; ಮುಟ್ಟಬಾರದು. ಜಾತ್ರೆಯ ಹೆಸರಿನಲ್ಲಿ ಒಂದು ಅಂಗಡಿ ತೆರೆಯುತ್ತಾರೆ, ಅದರಲ್ಲಿ ಥಳಕಿನ ಸಾಮಾನು ಮುಂದೆ, ಉಪಯೋಗದ್ದು ಹಿಂದೆ. ಹಿಂದಿನದನ್ನೇ ಮೊದಲು ಎತ್ತಿಕೊಳ್ಳಬೇಕು, ಅದು ನಾಲ್ಕು ದಿನದಲ್ಲಿ ಮುಚ್ಚಿಹೋಗುತ್ತದೆ. ಎಲ್ಲಕ್ಕಿಂತ ದೊಡ್ಡ ಸಂಗತಿಯೆಂದರೆ ತೊಂಬತ್ತರ ಕಟ್ಟಳೆ. ಎಷ್ಟೇ ನಸೀಬುಗೇಡಿಯಾದರೂ ತೊಂಬತ್ತನೆಯ ಚೀಟಿಗೆ ಆಗ ಸರದಿಯಲ್ಲಿದ್ದ ದೊಡ್ಡ ವೀರ ಸಿಕ್ಕೇ ಸಿಗುತ್ತಾನೆ. ನಡುವೆ ಎಲ್ಲಾದರೂ ಸಿಕ್ಕರೆ ಎಣಿಕೆ ಮತ್ತೆ ಒಂದರಿಂದ ಶುರು. ಸಿಗದಿದ್ದರೆ ಎತ್ತಿದಷ್ಟೂ ಮುಂದಿನ ಸರದಿಗೆ ಜಮಾ ಇರುತ್ತದೆ. ಹಾಗಾದರೆ ಬುದ್ಧಿವಂತನಾದವನು ತೊಂಬತ್ತು ಚೀಟಿಯಷ್ಟು ಕೂಡಿಡುವ ತನಕ ಒಂದನ್ನೂ ಎತ್ತಬಾರದು, ಬೇಕಾದವಳು ಬಂದ ದಿನವೇ ಕೈ ಹಾಕಬೇಕು. ಇಷ್ಟು ವರ್ಷ ಬೆಲ್ಲದ ಸಾಲಿನವರು ನಕ್ಕ ವಿದ್ಯೆಯನ್ನು ಯಾವನೋ ದೂರದೇಶದವನು ಕಟ್ಟಳೆ ಮಾಡಿ ಇಟ್ಟಿದ್ದಾನೆ ಎಂದು ಅವನಿಗೆ ಒಳಗೊಳಗೇ ಖುಷಿಯಾಯಿತು.

"ಒಂಬತ್ತು ಸಾವಿರ ಆಗೂತನಾ ಕೈ ಹಚ್ಚಬ್ಯಾಡ" ಎಂದು ಮಗಳಿಗೆ ಅಪ್ಪಣೆಯಾಯಿತು.

ತ್ರಿವೇಣಿ ನಕ್ಕಳು. ನಗು ಕೆಮ್ಮಾಗಿ, ಕೆಮ್ಮು ನಿಂತ ಮೇಲೆ ಹೇಳಿದಳು: "ಆಟದಾಗರ ತೊಂಬತ್ತಕ್ಕ ಗ್ಯಾರಂಟಿ ಅದ ಅಪ್ಪಾ. ದವಾಖಾನಿ ಯಾದಿಯೊಳಗ ಅದೂ ಇಲ್ಲ."

ಗಣಪತಿ ವಿಸರ್ಜನೆ ಮುಗಿದ ವಾರ ಅವಳನ್ನು ನೋಡುತ್ತಿದ್ದ ಡಾಕ್ಟರ್ ಮಂದಾರ ಸಿದ್ದಲಿಂಗಪ್ಪನನ್ನು ಒಬ್ಬನನ್ನೇ ಒಳಗೆ ಕರೆದರು. ಇನ್ನೂ ನಲವತ್ತು ತುಂಬದ ಮನುಷ್ಯ, ಮರಾಠಿಯಲ್ಲಿ ಮೆಲ್ಲಗೆ ಮಾತಾಡುವವರು. "ಬಸಾ ಕಾಕಾ" ಎಂದು ಕುರ್ಚಿ ತೋರಿಸಿದರು. ಸೋಂಕು ಹರಡಿದೆ, ಈಗ ಶ್ವಾಸಕೋಶ ಸಿಕ್ಕರೂ ಶಸ್ತ್ರಕ್ರಿಯೆ ತಡೆಯುವ ಶಕ್ತಿ ಅವಳಲ್ಲಿ ಉಳಿದಿಲ್ಲ, ಯಾದಿಯಿಂದ ಹೆಸರು ತೆಗೆಯಬೇಕಾಗಿದೆ ಎಂದರು. ಎಷ್ಟು ದಿನ ಎಂದು ಸಿದ್ದಲಿಂಗಪ್ಪ ಕೇಳಿದ. ಆರು ವಾರ ಎಂದರು ಡಾಕ್ಟರು, ಕಡಿಮೆಯೂ ಆಗಬಹುದು. ಅವಳಿಗೆ ಏನು ಇಷ್ಟವೋ ಮಾಡಲಿ ಬಿಡಿ ಎಂದರು.

ಅವನು ಸ್ವಾರಗೇಟಿನ ತನಕ ನಡೆದೇ ಹೋಗಿ ಇಂದಾಪುರದ ಬಸ್ಸು ನಿಲ್ಲುವ ಜಾಗದಲ್ಲಿ ಕೂತ. ಎರಡು ಬಸ್ಸು ತುಂಬಿಕೊಂಡು ಹೋದವು. ಅಳು ಬರಲಿಲ್ಲ. ಬಂದದ್ದು ಲೆಕ್ಕ, ಕರೆಯದೆ ಬಂತು, ಅಟ್ಟಿದರೂ ಹೋಗಲಿಲ್ಲ. ಇವತ್ತಿಗೆ ನಾಲ್ಕು ಸಾವಿರದ ಐನೂರ ಎಂಬತ್ತು ಹರಳು. ಆರು ವಾರಕ್ಕೆ ನಲವತ್ತೆರಡು ದಿನ, ದಿನಕ್ಕೆ ಅರವತ್ತು. ಏಳು ಸಾವಿರದ ನೂರು ಆಗುತ್ತದೆ. ಎಪ್ಪತ್ತೊಂದು ಚೀಟಿ. ಹತ್ತೊಂಬತ್ತು ಕಡಿಮೆ, ಶಂಖದವಳು ಬರುವುದು ಅದಕ್ಕೂ ಐದು ವಾರದ ಆಚೆ. ಕಡಿಮೆ ಬಿದ್ದ ಹರಳನ್ನು ದುಡ್ಡು ಸುರಿದು ತರಬಹುದಿತ್ತು, ಅವನು ಆ ಕ್ಷಣ ಮನೆಯನ್ನೇ ಮಾರಿಯಾನು. ಆದರೆ ದುಡ್ಡು ಕೊಟ್ಟರೆ ತಾರೀಖು ಹತ್ತಿರ ಬರುವುದಿಲ್ಲ. ಮೂರನೆಯ ಬಸ್ಸಿನ ಕಂಡಕ್ಟರು ಬಂದು ಎಲ್ಲಿಗೆ ಎಂದು ಕೇಳಿದಾಗ ಅವನು ಎದ್ದು ಮನೆಗೆ ನಡೆದ.

ಮನೆಯಲ್ಲಿ ತ್ರಿವೇಣಿ ಅವನ ಮುಖವನ್ನೇ ನೋಡಿದಳು. ಮುಖ ಗೋಡೆಯ ಹಾಗಿತ್ತು, ಅಷ್ಟು ವಿದ್ಯೆ ಅವನಿಗಿತ್ತು. ಅವಳು ಡಾಕ್ಟರು ಏನೆಂದರು ಎಂದು ಕೇಳಲಿಲ್ಲ. ಫೋನು ತೋರಿಸಿದಳು. ಆಗ ಸರದಿಯಲ್ಲಿದ್ದವನು ಪಂಜು ಹಿಡಿದ ಒಬ್ಬ ಗಡ್ಡದವನು.

"ಅಪ್ಪಾ, ಇಂವನೂ ಪರವಾಗಿಲ್ಲ. ಈಗ ಎತ್ತಿಬಿಡ್ಲೇನು?"

ಎತ್ತು ಮಗಳೇ, ಎಲ್ಲವನ್ನೂ ಇವತ್ತೇ ಮುಗಿಸು ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂತು. ಅವಳಿಗೆ ಇಷ್ಟವಾದದ್ದು ಮಾಡಲಿ ಎಂದು ಡಾಕ್ಟರು ಹೇಳಿರಲಿಲ್ಲವೇ. ಆದರೆ ಅವಳ ಕಣ್ಣು ಅವನ ತುಟಿಯ ಮೇಲೆ ನೆಟ್ಟಿತ್ತು.

"ಬ್ಯಾಡ. ತಡಿ, ಮುಂದ ಬೇಕಾಗ್ತದ" ಎಂದ.

ತ್ರಿವೇಣಿ ದಿಂಬಿಗೆ ಒರಗಿ ಕಣ್ಣು ಮುಚ್ಚಿದಳು. "ಹಂಗಾದ್ರ ನನಗ ಟೈಮ್ ಅದ" ಎಂದಳು. "ನೀ ಖರ್ಚು ಮಾಡು ಅಂದ ದಿನ ನಂಗ ತಿಳೀತದ ಅಪ್ಪಾ. ಆ ದಿನಕ್ಕ ನಾ ಅಂಜ್ತೀನಿ."

ಜೀವನವಿಡೀ ತಡಿ ತಡಿ ಎಂದವನ ಮಾತನ್ನೇ ಮಗಳು ತನ್ನ ಆಯುಷ್ಯದ ಗುರುತು ಮಾಡಿಕೊಂಡು ಕೂತಿದ್ದಳು. ಅವನು ಖರ್ಚು ಮಾಡು ಎಂದರೆ ಅವಳಿಗೆ ಸಾವಿನ ಸುದ್ದಿ. ಎನ್ನದಿದ್ದರೆ ಅವಳು ಕೂಡಿಟ್ಟದ್ದೆಲ್ಲ ಹಾಗೆಯೇ ಉಳಿದು, ಒಂದು ಚೀಟಿಯ ಸಂತೋಷವನ್ನೂ ಕಾಣದೆ ಹೋಗುತ್ತಾಳೆ. ಯಾರಿಗೆ ಬೇಕು ಇಂಥ ಜಾಣತನ? ಅವನಿಗೆ ಮೊದಲ ಸಲ ತನ್ನ ಮೇಲೆ ಅಸಹ್ಯ ಹುಟ್ಟಿತು. ಆದರೂ ಮರುದಿನ ಏಳಕ್ಕೆ ಕನ್ನಡಕ ಹಾಕಿಕೊಂಡು ನಾಲ್ಕು ಗಿಡ ಕೊಯ್ದ.

ಶಿವಬಸವ್ವನಿಗೆ ಹೇಳಿದ. ಅವಳು ಅಡುಗೆಮನೆಯ ಬಾಗಿಲು ಹಾಕಿಕೊಂಡು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಹೇಳಿದಳು: "ಆಕೀಗೆ ಹೇಳ್ರಿ. ಏನರ ಮನಸಿನಾಗಿದ್ರ ಮಾಡ್ಕೊಳ್ಲಿ."

"ಹ್ಯಾಂಗ ಹೇಳ್ಲೆ? ದಿನಾ ತಡಿ ಅಂತೀನಿ, ಆಕಿ ಅದನ್ನ ಕೇಳಿ ಮಲಗ್ತಾಳ."

"ನಿಮ್ಮ ಆ ಹಾಳ ಆಟ."

"ಆಟ ಅಲ್ಲ ಈಗ ಅದು" ಎಂದ ಸಿದ್ದಲಿಂಗಪ್ಪ.

ಹಾಗೆ ಐದು ವಾರ ಕಳೆದವು. ತ್ರಿವೇಣಿ ದಿನವೂ ಒಮ್ಮೆ, ಹೆಚ್ಚಾಗಿ ಮಧ್ಯಾಹ್ನ ಗಂಜಿ ಕುಡಿದ ಮೇಲೆ, "ಎತ್ಲೇನು?" ಎನ್ನುವಳು. ಅವನು "ತಡಿ" ಎನ್ನುವನು. ಕೆಲವು ದಿನ ಅವಳು ಕೇಳುವ ಮೊದಲೇ ತಾನೇ ಹೇಳಿಬಿಡುವನು. ಅವಳ ತೂಕ ಇಳಿಯಿತು, ಉಗುರು ನೀಲಿಯಾಯಿತು, ಮಷೀನಿನ ಮುಳ್ಳು ಎರಡರಿಂದ ಐದಕ್ಕೆ ಹೋಯಿತು. ಹರಳು ಮಾತ್ರ ಹೇಳಿದ ಮಾತಿಗೆ ತಪ್ಪದೆ ಅರವತ್ತರಂತೆ ಬಂದು ಬೀಳುತ್ತಿತ್ತು. ಅಂಗಡಿಗೆ ಹೊಸ ಬೆಲ್ಲ ಬರುವ ಕಾಲ, ಶೇಠ್ ಎರಡು ಸಲ ಕರೆಕಳಿಸಿದ. ಸಿದ್ದಲಿಂಗಪ್ಪ ಹೋಗಲಿಲ್ಲ.

ದೀಪಾವಳಿ ಮೂರು ದಿನವಿರುವಾಗಲೇ ಓಣಿಯಲ್ಲಿ ಪಟಾಕಿ ಶುರುವಾದವು. ಕಿಟಕಿಗೆ ಒದ್ದೆ ಬೆಡ್‌ಶೀಟು ಕಟ್ಟಿದರೂ ಹೊಗೆ ಒಳಗೆ ಬಂತು. ತ್ರಿವೇಣಿಯ ತುಟಿ ಕಪ್ಪಾದದ್ದು ಕಂಡು ದವಾಖಾನೆಗೆ ಒಯ್ದರು. ಮೂಗು ಬಾಯಿ ಮುಚ್ಚುವ ದೊಡ್ಡ ಮಾಸ್ಕು ಹಾಕಿದರು, ಅದರೊಳಗಿಂದ ಮಾತು ಹೊರಡುತ್ತಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಡಾಕ್ಟರ್ ಮಂದಾರ ಕಾರಿಡಾರಿನಲ್ಲಿ ಸಿದ್ದಲಿಂಗಪ್ಪನ ಹೆಗಲ ಮೇಲೆ ಕೈಯಿಟ್ಟು, "ದೋನ್-ತೀನ್ ದಿವಸ್, ಕಾಕಾ", ಇನ್ನು ಎರಡು ಮೂರು ದಿನ, ಎಂದರು. ಸಿದ್ದಲಿಂಗಪ್ಪ ಎಣಿಸಿ ನೋಡಿದ. ಸ್ವಾರಗೇಟಿನಲ್ಲಿ ಕೂತ ದಿನದಿಂದ ಅವತ್ತಿಗೆ ನಲವತ್ತೆರಡು ದಿನ. ಡಾಕ್ಟರರ ಅಂದಾಜು ಹೆಚ್ಚುಕಡಿಮೆಯಿಲ್ಲದೆ ಬಂದಿತ್ತು.

ಮಧ್ಯಾಹ್ನ ಮೂರರ ಹೊತ್ತು. ಶಿವಬಸವ್ವ ಹಾಸಿಗೆಯ ಆಚೆ ಬದಿಗೆ ಕೂತು, ಮಗಳು ತಿನ್ನುವುದಿಲ್ಲವೆಂದು ಗೊತ್ತಿದ್ದೂ ಮೊಸಂಬಿ ಸುಲಿಯುತ್ತಿದ್ದಳು. ತ್ರಿವೇಣಿ ಮಾಸ್ಕನ್ನು ಒಂದು ಬೆರಳಿನಿಂದ ಎತ್ತಿದಳು.

"ದಿವಾಣಜಿ, ರುಮಾಲ ಹಾಕ್ರಿ."

ಸಿದ್ದಲಿಂಗಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಇಬ್ಬರ ಕೈಯ ಮೇಲೆ ಹೊದಿಸಿದ. ಚಿಕ್ಕಂದಿನ ಆಟ ನೆನಪಾಗಿರಬೇಕು ಎಂದುಕೊಂಡ.

"ಯಾವುದರ ಸೌದಾ ರೀ ಅಕ್ಕಾರ?"

"ದಿವಸದ್ದು" ಎಂದಳು. ಮಾಸ್ಕು ಮತ್ತೆ ಬಾಯಿಯ ಮೇಲೆ ಕೂತಿತು.

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅಷ್ಟರಲ್ಲಿ ಅವಳ ಕೈ ಬಂದು ಅವನ ಇಡೀ ಅಂಗೈಯನ್ನು ಒತ್ತಿತು. ಹತ್ತು.

ಬಾಯಿಯಿಂದ ಕೇಳಿದ್ದರೆ ಅವನು ಹೇಳುತ್ತಿದ್ದ, ಹತ್ತಲ್ಲ, ನೂರು ವರ್ಷ ಎಂದು. ನಲವತ್ತೆರಡು ದಿನ ಬಾಯಿಯಿಂದ ಸುಳ್ಳು ಹೇಳಿ ರೂಢಿಯಾಗಿತ್ತು. ಆದರೆ ರುಮಾಲಿನ ಕೆಳಗೆ ಅವನ ಕೈ ಸುಳ್ಳು ಹೇಳಿದ್ದೇ ಇಲ್ಲ. ಮಗಳು ಬೇಕೆಂದೇ ಆ ಜಾಗಕ್ಕೆ ಕರೆದಿದ್ದಳು. ಮುಷ್ಟಿ ಕಟ್ಟಬೇಕು ಎಂದುಕೊಂಡ, ಹತ್ತಕ್ಕೇ ಸೌದಾ ಮುಗಿಸಬೇಕು ಎಂದುಕೊಂಡ. ಕೈ ಕೇಳಲಿಲ್ಲ. ಅಂಗೈ ತಾನಾಗಿ ಸರಿಯಿತು.

ತ್ರಿವೇಣಿ ಐದೂ ಬೆರಳು ಹಿಡಿದಳು. ಅವನು ಬಿಡಿಸಿಕೊಂಡ. ಅವಳ ಮುಖದಲ್ಲಿ ಏನೂ ಕಾಣಲಿಲ್ಲ, ಹಳೆಯ ವ್ಯಾಪಾರಿಗಳಿಗೂ ಅಷ್ಟು ಗಟ್ಟಿ ಮುಖ ಇರಲಿಲ್ಲ. ನಾಲ್ಕು ಹಿಡಿದಳು. ಅವನು ಬಿಡಿಸಿಕೊಂಡ. "ಈ ಸರೆ ಮೊಸಂಬಿ ಭಾಳ ಹುಳಿ ಅದಾವ ನೋಡ್ರಿ" ಎಂದಳು ಶಿವಬಸವ್ವ. ಹೌದು ಎಂದ ಸಿದ್ದಲಿಂಗಪ್ಪ.

ಅವಳು ಮೂರು ಬೆರಳು ಹಿಡಿದು ಕಾದಳು. ಅವಳ ಕೈ ತಣ್ಣಗಿತ್ತು. ಅವನು ಮುಷ್ಟಿ ಕಟ್ಟಿ, ಅವಳ ಬೆರಳುಗಳನ್ನು ಒಳಗಿಟ್ಟುಕೊಂಡು ಒತ್ತಿದ.

ತ್ರಿವೇಣಿ ಬಹಳ ಹೊತ್ತು ಕೈ ಬಿಡಲಿಲ್ಲ. ಆಮೇಲೆ ಟವೆಲ್ಲು ಸರಿಸಿ, ಮಂಚದ ಪಕ್ಕದ ಫೋನಿನತ್ತ ಕಣ್ಣು ಮಾಡಿದಳು. ಸಿದ್ದಲಿಂಗಪ್ಪ ಅದನ್ನು ತೆಗೆದು ಅವಳ ಮುಂದೆ ಹಿಡಿದ. ಮೇಲಿನ ಮೂಲೆಯಲ್ಲಿ ಏಳು ಸಾವಿರದ ನೂರು ಎಂದು ಇತ್ತು.

"ಎತ್ತು ವೇಣಿ" ಎಂದ. "ಎಲ್ಲಾ ಎತ್ತು."

ಹತ್ತು ಚೀಟಿ ಒಟ್ಟಿಗೆ ಎತ್ತುವ ಗುಂಡಿಯೂ ಇತ್ತು. ಅವಳು ಅದನ್ನು ಒತ್ತಲಿಲ್ಲ. ಒಂದೊಂದೇ ಎತ್ತಿದಳು. ಕಣದಲ್ಲಿ ರಾಶಿ ಅಳೆಯುವಾಗ ಒಂದು ಎನ್ನದೆ 'ಲಾಭ' ಎಂದು ಎಣಿಕೆ ಶುರು ಮಾಡುತ್ತಾರಲ್ಲ, ಹಾಗೆ ಸಿದ್ದಲಿಂಗಪ್ಪ ಬಾಯೊಳಗೇ ಎಣಿಸಿದ. ಲಾಭ, ಎರಡು, ಮೂರು. ಮುರುಕು ಕತ್ತಿ ಬಂತು. ತಗಡಿನ ಗುರಾಣಿ ಬಂತು. ಮತ್ತೆ ಕತ್ತಿ. ಪ್ರತಿ ಚೀಟಿ ತೆರೆಯುವ ಮುಂಚೆ ಪರದೆಯ ಮೇಲೆ ಒಂದು ಬೆಳಕು ಹಾಯುತ್ತಿತ್ತು, ಆಗ ತ್ರಿವೇಣಿಯ ಹುಬ್ಬು ಮೇಲೇರುತ್ತಿತ್ತು. ಇಪ್ಪತ್ತಾದ ಮೇಲೆ ದಣಿದು ಸ್ವಲ್ಪ ಮಲಗಿದಳು, ಎದ್ದು ಮತ್ತೆ ಎತ್ತಿದಳು. ಶಿವಬಸವ್ವ ಮೊಸಂಬಿ ಕೆಳಗಿಟ್ಟು ಈಚೆ ಬದಿಗೆ ಬಂದಳು. ಏನು ನಡೆದಿದೆ ಎಂದು ಗಂಡನ ಮುಖ ನೋಡಿದಳು, ನೋಡಿದವಳು ಮಂಚದ ಕಂಬಿ ಹಿಡಿದು ನಿಂತುಬಿಟ್ಟಳು. ಐದರ ಹೊತ್ತಿಗೆ ಎಪ್ಪತ್ತೊಂದೂ ಮುಗಿದವು. ಪಂಜಿನ ಗಡ್ಡದವನೂ ಬರಲಿಲ್ಲ, ಯಾರೂ ಬರಲಿಲ್ಲ. ಬರೀ ಮುರುಕು ಸಾಮಾನು.

ಇಷ್ಟು ಕೂಡಿಟ್ಟದ್ದಕ್ಕೆ ಇದೇ ಏನು ಎಂದು ಸಿದ್ದಲಿಂಗಪ್ಪ ಪರದೆಯನ್ನು ಮೇಲೆ ಕೆಳಗೆ ಸರಿಸಿ ಮತ್ತೆ ನೋಡಿದ. ತ್ರಿವೇಣಿ ಮಾತ್ರ ಮಾಸ್ಕು ಎತ್ತಿ, "ಭಾಳ ಮಜಾ ಬಂತು ಅಪ್ಪಾ" ಎಂದಳು. ಉಸಿರು ತಗೊಂಡು ಇನ್ನೊಂದು ಮಾತು ಹೇಳಿದಳು: "ಎಣಿಕಿ ಜಮಾ ಇರ್ತದ. ಹೋಗಂಗಿಲ್ಲ."

ಸೌದಾ ಮೂರಕ್ಕೆ ಆಗಿತ್ತು. ಸಿಕ್ಕದ್ದು ಒಂದೇ ದಿನ. ಮರುದಿನ ಮಧ್ಯಾಹ್ನದ ಒಳಗೆ ತ್ರಿವೇಣಿ ಹೋದಳು.

ಆಮೇಲಿನದನ್ನು ವಿಸ್ತರಿಸಿ ಫಲವಿಲ್ಲ. ಮಣ್ಣು ಮಾಡಿ ಬಂದರು, ಮಹಾಲಿಂಗಪುರದ ನೆಂಟರು ಬಂದು ಹೋದರು, ಮಷೀನನ್ನು ಬಾಡಿಗೆಯವರು ಎತ್ತಿಕೊಂಡು ಹೋದರು. ಮನೆಯಲ್ಲಿ ಗುರ್ ಎನ್ನುವ ಸದ್ದು ನಿಂತು, ನಿಂತದ್ದೇ ಇಬ್ಬರಿಗೂ ಕಿವಿ ಕೊರೆಯತೊಡಗಿತು. ಸಿದ್ದಲಿಂಗಪ್ಪ ಅಂಗಡಿಗೆ ಹೋಗತೊಡಗಿದ. ಆದರೆ ಬೆಳಿಗ್ಗೆ ಏಳಕ್ಕೆ ಮಗಳ ಫೋನು ತೆಗೆದು ನಾಲ್ಕು ಗಿಡ ಕೊಯ್ಯುವುದನ್ನು ಬಿಡಲಿಲ್ಲ. ಅವಳು ಹೋದ ದಿನವೂ, ಹೆಣ ಮನೆಗೆ ತರುವ ಮುಂಚೆ, ದವಾಖಾನೆಯ ಬೆಂಚಿನ ಮೇಲೆ ಕೂತು ಅರವತ್ತು ತೆಗೆದುಕೊಂಡಿದ್ದ. ಇದನ್ನು ಅವನು ಯಾರಿಗೂ ಹೇಳಿಲ್ಲ.

ಐದು ವಾರದ ಮೇಲೆ ಶಂಖದ ಹುಡುಗಿಯ ಸರದಿ ಬಂತು. ಪರದೆ ತೆರೆದ ಕೂಡಲೇ ಅವಳ ಚಿತ್ರ, ಕೆಳಗೆ ಸಣ್ಣ ಅಕ್ಷರದಲ್ಲಿ ಎಪ್ಪತ್ತೊಂದು ಜಮಾ ಎಂಬ ಎಣಿಕೆ. ಹೋಗಿರಲಿಲ್ಲ, ಅವಳು ಹೇಳಿದಂತೆಯೇ ಇತ್ತು. ಹತ್ತೊಂಬತ್ತು ಚೀಟಿಗೆ ಬೇಕಾಗುವಷ್ಟು ಹರಳು ಅವನ ಹತ್ತಿರ ಆಗಲೇ ಕೂಡಿತ್ತು. ಅವನು ಎತ್ತಲಿಲ್ಲ. ಸರದಿ ಇಪ್ಪತ್ತು ದಿನವಿರುತ್ತದೆ, ಅವಸರವೇನು ಎಂದುಕೊಂಡ. ಹತ್ತು ದಿನ ಹೋಯಿತು. ಹದಿನೈದು ಹೋಯಿತು. ಎತ್ತಿದರೆ ಏನೋ ಒಂದು ಮುಗಿದುಹೋಗುತ್ತದೆ ಎಂದು ಅವನ ಕೈ ಹಿಂಜರಿಯುತ್ತಿತ್ತು. ತಡಿ ಎನ್ನುತ್ತಿರುವ ತನಕ ಒಳಕೋಣೆಯಲ್ಲಿ ಯಾರೋ ಕೇಳಿಸಿಕೊಂಡು ಮಲಗಿರುತ್ತಾರೆ ಎಂಬ ಹುಚ್ಚು ಅವನಿಗೆ ಹಿಡಿದಿತ್ತು.

ಕೊನೆಯ ದಿನ ಭಾನುವಾರ. ಶಿವಬಸವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಬಂದು ಎದುರಿಗೆ ಕೂತಳು. ಆಟದ ಬಗ್ಗೆ ಒಂದು ದಿನವೂ ಒಳ್ಳೆಯ ಮಾತಾಡದವಳು.

"ಇವತ್ತ ಕಡೀ ದಿನ ಅಲ್ಲೇನ್ರಿ?"

"ನಿಂಗ ಯಾರ ಹೇಳಿದ್ರು?"

"ಆಕಿ ಹೇಳಿದ್ಲು. ತಾರೀಖ ಎಲ್ಲಾ ನನ್ನ ಕಡಿಂದ ಬರಸಿಟ್ಟಿದ್ಲು. ಅಪ್ಪಗ ಎತ್ತಾಕ ಹೇಳವ್ವಾ, ತಾನಾಗೇ ಎತ್ತಂಗಿಲ್ಲ ಅಂದಿದ್ಲು." ಶಿವಬಸವ್ವ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. "ಇನ್ನ ಯಾರ ಸಲುವಾಗಿ ಉಳಸ್ತೀರಿ? ಖರ್ಚ ಮಾಡ್ರಿ."

ಖರ್ಚು ಮಾಡು ಎಂದ ದಿನ ತಿಳಿಯುತ್ತದೆ ಎಂದಿದ್ದಳು ಮಗಳು. ಸಿದ್ದಲಿಂಗಪ್ಪನಿಗೆ ತಿಳಿಯಿತು. ಮಗಳಿಗೆ ಮಣ್ಣು ಹಾಕಿ ಬಂದ ದಿನ ಬಾರದ ಅಳು ಆಗ ಬಂತು, ಕನ್ನಡಕ ತೆಗೆದಿಟ್ಟು ಅತ್ತ. ಆಮೇಲೆ ಕನ್ನಡಕ ಒರೆಸಿ ಹಾಕಿಕೊಂಡು, ಹೆಂಡತಿಯ ಕಡೆಗೂ ಕಾಣುವಂತೆ ಫೋನು ಹಿಡಿದು, ಒಂದೊಂದೇ ಎತ್ತಿದ. ಎಣಿಕೆ ಈ ಸಲ ಲಾಭದಿಂದ ಶುರುವಾಗಲಿಲ್ಲ. ಎಪ್ಪತ್ತೆರಡು ಎಂದ, ಎಪ್ಪತ್ತಮೂರು ಎಂದ. 

ತೊಂಬತ್ತಕ್ಕೆ ಪರದೆ ಪೂರ್ತಿ ಬೆಳಕಾಯಿತು. ಒಂದು ಎಳೆಯ ಹುಡುಗಿ ಬಂಡೆಯ ಮೇಲೆ ನಿಂತಿದ್ದಳು. ಎದೆ ತುಂಬ ಗಾಳಿ ಎಳೆದುಕೊಂಡು ಶಂಖ ತುಟಿಗಿಟ್ಟಳು. ಊದತೊಡಗಿದಳು. ಸದ್ದು ಎರಡು ಕೋಣೆಯ ಮನೆಯಲ್ಲೆಲ್ಲ ತುಂಬಿತು, ನಿಲ್ಲುತ್ತದೆ ಎಂದು ಕಾದರೂ ನಿಲ್ಲದೆ ಹೊರಡುತ್ತಲೇ ಇತ್ತು.

ಶಿವಬಸವ್ವ ತನಗರಿವಿಲ್ಲದೆ ತನ್ನ ಉಸಿರು ಹಿಡಿದಿದ್ದಳು. ಕೊನೆಗೆ ಬಿಟ್ಟು, "ಎಷ್ಟೊತ್ತು ಊದ್ತಾಳ್ರೀ ಇಕಿ" ಎಂದಳು. "ನಡುವ ಉಸುರ ತಗೋಳಂಗಿಲ್ಲೇನು?"

"ಇಲ್ಲ" ಎಂದ ಸಿದ್ದಲಿಂಗಪ್ಪ. "ಇಕೀಗೆ ಬೇಕಾಗಂಗಿಲ್ಲ."

ಮರುದಿನ ಬೆಳಿಗ್ಗೆ ಏಳಕ್ಕೆ ಪೂಜೆ ಮುಗಿಸಿ ಎದ್ದಾಗ ಕೈ ರೂಢಿಯಂತೆ ಫೋನಿನ ಕಡೆಗೆ ಹೋಯಿತು. ತೆಗೆದುಕೋ ಎಂದು ಅರವತ್ತು ಹರಳು ಕಾದು ಕೂತಿದ್ದವು. ಅವನು ನೋಡಿದ. ಜೀವಮಾನದಲ್ಲಿ ಮೊದಲ ಸಲ ಪುಕ್ಕಟೆ ಬಂದದ್ದನ್ನು ಮುಟ್ಟದೆ, ಫೋನನ್ನು ತ್ರಿವೇಣಿಯ ಬಟ್ಟೆಗಳ ಜೊತೆ ಟ್ರಂಕಿನಲ್ಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟ.